ಗಡಿಯಾರದ ಕೆಂಪು ಚುಕ್ಕೆ

ಮನೆಯಿಂದ,
ಗುರುವಾರ ಬೆಳಿಗ್ಗೆ

ನನ್ನ ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೆ? ಬಿಸಿನೀರು ಕುಡಿ ಅಂದರೆ ಹೂಂ ಅನ್ನುತ್ತೀಯ, ಕುಡಿಯುವುದಿಲ್ಲ ಅಂತ ನನಗೆ ಗೊತ್ತು. ಇಲ್ಲಿ ದೇವರ ದಯೆಯಿಂದ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಗಳು ಗುಬ್ಬಿಯೂ ಚೆನ್ನಾಗಿದ್ದಾಳೆ, ನನ್ನ ಮಾತಿನ ಮೇಲೆ ನಂಬಿಕೆ ಇಡು. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ಅಳುತ್ತೀಯ, ನಿನ್ನ ದನಿ ಕೇಳಿ ನಾನೂ ಶುರು ಮಾಡುತ್ತೇನೆ, ಮಾತು ಅಲ್ಲೇ ನಿಂತುಹೋಗುತ್ತದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನಿನ್ನ ಗಂಡ ಇದರ ಫೋಟೋ ತೆಗೆದು ನಿನಗೆ ಕಳಿಸುತ್ತಾನೆ. ಓದಬೇಡ ಕಣೋ ಅಂದಿದ್ದೇನೆ. ಓದೇ ಓದುತ್ತಾನೆ. ಓದಲಿ.

ಹೋದ ವಾರ ಆದದ್ದೇನು ಅಂತ ನಿನಗೆ ಅರ್ಧ ಮಾತ್ರ ಗೊತ್ತು, ಉಳಿದರ್ಧ ನಾನು ಹೇಳಬೇಕು. ನೀನು ಉಳಿದ ಓದು ಮುಗಿಸಲು ಪರದೇಶಕ್ಕೆ ಹೊರಡುವ ಹಿಂದಿನ ದಿನ ಅಡುಗೆಮನೆ ಬಾಗಿಲ ಪಕ್ಕ ಇನ್ನೊಂದು ಗಡಿಯಾರ ತೂಗುಹಾಕಿ, ಅದಕ್ಕೆ ನೀನು ಹೋಗುವ ಊರಿನ ಹೊತ್ತು ಕೊಟ್ಟೆಯಲ್ಲ. ನಿನಗೆ ಮಧ್ಯಾಹ್ನದ ಬಿಡುವು ಸಿಗುವ ಕಡೆ ಉಗುರಿನ ಬಣ್ಣದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟೆ. ಚಿಕ್ಕ ಮುಳ್ಳು ಚುಕ್ಕೆಗೆ ಬಂದರೆ ಫೋನ್ ಮಾಡಿ ಅತ್ತೆ ಅಂದೆ. ಲೆಕ್ಕ ಹಾಕುವ ತಲೆನೋವೇ ಇಲ್ಲ. ಗುಬ್ಬಿಗಂತೂ ಅದು ಅಮ್ಮನ ಚುಕ್ಕೆ. ಎದ್ದವಳೇ ಕಣ್ಣುಜ್ಜಿಕೊಂಡು ಅದರ ಕೆಳಗೆ ಹೋಗಿ ನಿಲ್ಲುತ್ತಾಳೆ.

ಆದರೆ ನಿನ್ನ ಮಾವನವರ ಸ್ವಭಾವ ನಿನಗೆ ಗೊತ್ತಲ್ಲ. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದ ಕೈ. ಯಾರದೋ ಮನೆಗೆ ಹೆಣ್ಣು ನೋಡುವ ಮಾತಿಗೆ ಹೋದರೂ ಅವರ ಗೋಡೆ ಗಡಿಯಾರ ಸರಿ ಮಾಡಿಯೇ ಕೂರುವವರು. ನಿನ್ನ ಗಡಿಯಾರ ಕಂಡಾಗಲೆಲ್ಲ ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಮುಖ ಮಾಡುತ್ತಿದ್ದರು, ಆದರೂ ಮುಟ್ಟುತ್ತಿರಲಿಲ್ಲ. ಆವತ್ತು ಬೆಳಿಗ್ಗೆ ಧೂಳು ಒರೆಸಲು ಕೆಳಗಿಳಿಸಿದರಂತೆ. ಮನಸ್ಸು ಎಲ್ಲಿತ್ತೋ, ಕೈ ತನ್ನ ಪಾಡಿಗೆ ಮುಳ್ಳು ತಿರುಗಿಸಿ ನಮ್ಮ ಹೊತ್ತಿಗೆ ತಂದುಬಿಟ್ಟಿತು. ಮತ್ತೆ ಮೊಳೆಗೆ ಹಾಕಿ ಅಂಗಡಿಗೆ ಹೋದರು. ಸಂಜೆ ಬಂದು ಗೋಡೆ ನೋಡುವವರೆಗೆ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ನಾನು ಪೂಜೆ ಮುಗಿಸಿ ಬಂದೆ, ಚುಕ್ಕೆ ಇನ್ನೂ ದೂರ. ಗುಬ್ಬಿ ಕಾದಳು. ಊಟದ ಹೊತ್ತಾಯಿತು, ತುತ್ತು ಬಾಯಿಗೆ ಇಡಲೊಲ್ಲಳು. "ಅಜ್ಜಿ, ಅಮ್ಮನ ಚುಕ್ಕೆ ಯಾಕೆ ಬರ್ತಿಲ್ಲ?" ಅಂತ ಒಂದೇ ಹಟ. ಇವತ್ತೇನು ಇಷ್ಟು ತಡ ಅಂತ ನನಗೂ ಅನಿಸಿತು. ಆದರೆ ನೀನು ಓದಿದವಳು ಇಟ್ಟ ಚುಕ್ಕೆ, ಅದು ತಪ್ಪೀತೆ ಅಂದುಕೊಂಡೆ. ಕೊನೆಗೆ ಮುಳ್ಳು ಅಲ್ಲಿಗೆ ಬಂದಾಗ ಮಗು ಅತ್ತು ಅತ್ತು ಬಿಕ್ಕಳಿಸುತ್ತಿತ್ತು. ಹಾಗೇ ಫೋನ್ ಅವಳ ಕೈಗೆ ಕೊಟ್ಟೆ. ಅಲ್ಲಿ ನೀನು ಬಿಡುವಿನಲ್ಲೆಲ್ಲ ನಮ್ಮ ಫೋನಿಗೆ ಕಾದು, ಬರಲಿಲ್ಲವೆಂದು ಹೆದರಿ, ಆಮೇಲೆ ಮೇಷ್ಟ್ರ ಎದುರು, ಅಷ್ಟು ದೇಶದ ಮಕ್ಕಳ ಎದುರು ನಿಂತು ಪಾಠ ಒಪ್ಪಿಸುತ್ತಿದ್ದೆ ಅಂತ ನನಗೇನು ಗೊತ್ತು! ಮಗಳು ಅಳುವುದು ಕೇಳಿದ್ದೇ ಮಾತು ಅರ್ಧಕ್ಕೆ ಬಿಟ್ಟು ಹೊರಗೆ ಓಡಿಬಂದೆಯಂತೆ. ಯಾವ ತಾಯಿ ಓಡುವುದಿಲ್ಲ ಹೇಳು.

ಆಮೇಲೆ ನೀನು ಅಂದ ಮಾತು ನನ್ನ ಎದೆಯಲ್ಲೇ ಕೂತಿದೆ. "ಸಾಕು ಅತ್ತೆ, ನಾನು ಬಂದ್ಬಿಡ್ತೀನಿ. ಮಗಳನ್ನ ಅಳಿಸಿ ಯಾವ ವ್ಯಾಪಾರ ಕಲೀಲಿ?" ನಿನ್ನ ಗಂಡ ಆಗಲೇ ಟಿಕೆಟ್ ನೋಡತೊಡಗಿದ್ದ. ಸ್ವಲ್ಪ ತಡಿಯಪ್ಪ ಅಂದೆ.

ನಿನಗೆ ನೆನಪಿದೆಯೋ ಇಲ್ಲವೋ, ಇಲ್ಲೇ ಎಂಬಿಎಗೆ ಸೇರಿದ ಹೊಸತರಲ್ಲಿ ಜಾಗತಿಕ ವ್ಯಾಪಾರ ಅಂದರೇನು ಅಂತ ನನಗೆ ಹೇಳಿಕೊಡಲು ಮಾವನವರ ಅಂಗಡಿಗೇ ಕರೆದುಕೊಂಡು ಹೋಗಿದ್ದೆ. ಒಂದು ಕೈಗಡಿಯಾರ ಬಿಚ್ಚಿಸಿ, ಸ್ಪ್ರಿಂಗು ಒಂದು ದೇಶದ್ದು, ಗಾಜು ಇನ್ನೊಂದರದ್ದು, ಪಟ್ಟಿ ಮತ್ತೊಂದರದ್ದು, ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಸೇರಿ ಇದನ್ನು ಮಾಡಿದ್ದಾರೆ ಅತ್ತೆ ಅಂದೆ. ನಿನ್ನ ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ, "ಹಾಗಾದ್ರೆ ನಾನೂ ಎಂಬಿಎನೇ ಬಿಡು, ಫೀಸು ನನಗೇ ಕಟ್ಟು" ಅಂದಿದ್ದರು. ನಾವು ಮೂವರೂ ಎಷ್ಟು ನಕ್ಕೆವು! ಆವತ್ತು ನಿನ್ನ ಮುಖದಲ್ಲಿದ್ದ ಬೆಳಕು ನಾನು ಕಂಡಿದ್ದೇನೆ ಮಗಳೇ. ಅದನ್ನು ಊದಿ ಆರಿಸಿದ ಮನೆ ನಮ್ಮದಾಗಬಾರದು.

ಗುಬ್ಬಿ ಅಳುತ್ತಾಳೆ, ಇಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ಅತ್ತ ಮೇಲೆ ಉಣ್ಣುತ್ತಾಳೆ, ಉಂಡ ಮೇಲೆ ಆಡುತ್ತಾಳೆ. ನಿನ್ನ ಹಳೆಯ ದುಪಟ್ಟಾ ಸುತ್ತಿಕೊಂಡು, ಗೊಂಬೆಗಳನ್ನು ಸಾಲಾಗಿ ಕೂರಿಸಿ, "ಸುಮ್ನಿರಿ, ಅಮ್ಮ ಕ್ಲಾಸಲ್ಲಿದ್ದಾಳೆ" ಅಂತ ಗದರುತ್ತಾಳೆ. ಅರ್ಧ ಓದು ಹೊತ್ತು ತಂದ ತಾಯಿ ಅವಳಿಗೆ ಬೇಡ. ನಿನ್ನ ಗುಂಪಿನ ಹುಡುಗಿ ನಿನ್ನ ಗಂಡನಿಗೆ ಬರೆದಿದ್ದಾಳೆ. ಸೋಮವಾರದೊಳಗೆ ನೀನೇ ಹೋಗಿ ಕೇಳಿಕೊಂಡರೆ ಮೇಷ್ಟ್ರು ಆ ಪಾಠ ಇನ್ನೊಂದು ಸಲ ಒಪ್ಪಿಸಲು ಬಿಡುತ್ತಾರಂತೆ. ಅದನ್ನು ನಮ್ಮಿಂದ ಮುಚ್ಚಿಟ್ಟೆಯಾ ಕಳ್ಳಿ! ಕೇಳುವುದರಲ್ಲಿ ನಾಚಿಕೆಯೇನು? ನಾನು ದಿನಾ ದೇವರನ್ನು ಕೇಳುತ್ತಲೇ ಇದ್ದೇನೆ, ಅವನು ಒಂದು ದಿನವೂ ಬೇಸರಿಸಿಲ್ಲ. ಅವನು ಬೆಳಗನ್ನು ಎಲ್ಲರಿಗೂ ಒಂದೇ ಸಲ ಕೊಟ್ಟವನಲ್ಲ, ನಿಮಗೆ ಮೊದಲು, ನಮಗೆ ಆಮೇಲೆ. ಆದರೆ ಯಾರಿಗೂ ತಪ್ಪಿಸಿಲ್ಲ.

ಹೊಟ್ಟೆ ತುಂಬ ಉಣ್ಣು. ಕೋಪ ಬಂದರೆ ನನ್ನ ಮೇಲೆ ತೀರಿಸಿಕೋ, ಮಾವನ ಮೇಲೆ ಬೇಡ. ನೂರು ಕಾಲ ಬಾಳು, ಹಿಡಿದದ್ದು ಕೈಗೂಡಲಿ. ಗುಬ್ಬಿ ಈ ಮೂಲೆಯಲ್ಲಿ ಗೀಚಿದ್ದು ನಿನಗೆ ಮುತ್ತಂತೆ.

ಇಂತಿ,
ನಿನ್ನ ಅತ್ತೆ

ಮರೆತಿದ್ದೆ: ನಿನ್ನ ಗಂಡ ಫೋನ್ ಹಿಡಿದು ತಲೆಯ ಮೇಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೇಳಬೇಡ ಅಂದಿದ್ದರು ನಿನ್ನ ಮಾವ, ಹೇಳುತ್ತೇನೆ. ಆವತ್ತಿನಿಂದ ಅವರು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟೇ ಏಳುತ್ತಿದ್ದಾರೆ. ಗೋಡೆಯ ಗಡಿಯಾರ ಮೊದಲಿನ ಹಾಗೆ ಮಾಡಿದ್ದಾಯಿತು. ಅಷ್ಟಕ್ಕೇ ಬಿಡದೆ ತಮ್ಮ ಕೈಗಡಿಯಾರಕ್ಕೂ ನಿನ್ನ ಊರಿನ ಹೊತ್ತು ಕೊಟ್ಟುಕೊಂಡಿದ್ದಾರೆ. ನಿನ್ನೆ ಅಂಗಡಿಯಲ್ಲಿ ಗಿರಾಕಿಯೊಬ್ಬ, "ಏನ್ ಯಜಮಾನ್ರೇ, ಊರಿನ ಗಡಿಯಾರ ಎಲ್ಲ ಸರಿ ಮಾಡ್ತೀರಿ, ನಿಮ್ದೇ ಕೆಟ್ಟಿದೆಯಲ್ಲ" ಅಂತ ನಕ್ಕನಂತೆ. ಇವರು ತಲೆ ಎತ್ತದೆ, "ಕೆಟ್ಟಿಲ್ಲ. ಅದು ನನ್ನ ಸೊಸೆ ಹೊತ್ತು" ಅಂದರಂತೆ. ಪಕ್ಕದಂಗಡಿಯವರು ಬಂದು ಹೇಳಿದರು. ಓದು ಮುಗಿಯುವ ಮುಂಚೆ ನೀನು ಬಂದರೆ ಆ ಮುಳ್ಳನ್ನು ಅವರು ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಆ ಕೆಲಸ ಅವರಿಗೆ ಕೊಡಬೇಡ ಮಗಳೇ. ಹೋಗಿ ಕೇಳಿಕೋ.