ಸೇತುವೆಯ ಕೆಳಗೊಂದು ಕೆಂಪು ಚುಕ್ಕೆ ಬೇಕಾಗಿದೆ

ಮೊಬೈಲ್ ಸಂಪರ್ಕದ ನಕ್ಷೆ ತಯಾರಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ನಕ್ಷೆ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದೆ. ಅದೂ ಯಾರ ಮುಂದೆ? ನನ್ನ ಅಕ್ಕನ ಮುಂದೆ. ಎರಡು ಸಲ ಅರ್ಜಿ ಕೊಟ್ಟೆ. ಎರಡು ಸಲವೂ ನೀವು ಕುರ್ಚಿ ಬಿಟ್ಟು ಏಳದೆ ಉತ್ತರ ಕೊಟ್ಟಿರಿ. ಹಾಗಾಗಿ ಮೂರನೆಯದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಪುಸ್ತಕ ಬೈಂಡ್ ಮಾಡುವವನು. ಮೇಲ್ಸೇತುವೆಯ ಕೆಳಗೆ, ಎರಡು ಕಂಬಗಳ ನಡುವಿನ ಒಂದೇ ಕೋಣೆ ನನ್ನ ಅಂಗಡಿಯೂ ಹೌದು, ಮನೆಯೂ ಹೌದು. ಮುಂದೆ ಅಂಟಿನ ಡಬ್ಬಿ, ರಟ್ಟು, ದಾರ; ಹಿಂದೆ ಮಂಚ. ತಲೆಯ ಮೇಲೆ ಕಾಂಕ್ರೀಟು, ಅದರ ಮೇಲೆ ದಿನಕ್ಕೆ ಸಾವಿರಾರು ಜನ. ಅವರಲ್ಲಿ ಒಬ್ಬರೂ ಕೆಳಗಿಳಿದು ಬರುವುದಿಲ್ಲ, ಬಿಡಿ; ಈಗ ಬೈಂಡು ಯಾರಿಗೆ ಬೇಕು? ಆದರೆ ಅವರ ಜೇಬಿನ ಫೋನುಗಳು ಹಾದುಹೋಗುವಾಗಲೆಲ್ಲ 'ಇಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಇದೆ' ಎಂದು ನಿಮಗೆ ವರದಿ ಒಪ್ಪಿಸುತ್ತವೆ. ಸೇತುವೆಯ ಮೇಲೆ ಯಾರು, ಕೆಳಗೆ ಯಾರು ಎಂಬುದು ನಿಮ್ಮ ನಕ್ಷೆಗೆ ತಿಳಿಯದು. ನನ್ನ ಮುಖವನ್ನೇ ನೋಡದ ಸಾವಿರಾರು ಜನ ಸೇರಿ, ನಾನು ಚೆನ್ನಾಗಿದ್ದೇನೆ ಎಂದು ದಿನವೂ ಸಾಕ್ಷಿ ಹೇಳುತ್ತಾರೆ. ಆದ್ದರಿಂದ ನಕ್ಷೆಯಲ್ಲಿ ನನ್ನ ಕೋಣೆ ಹಸಿರು. ಕೋಣೆಯೊಳಗೆ ಒಂದು ಕಡ್ಡಿಯೂ ಇಲ್ಲ.

ಅಕ್ಕ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. 'ಊಟ ಆಯ್ತೇನೋ?' ಎಂದು ಕೇಳುವವಳು ಈ ಪ್ರಪಂಚದಲ್ಲಿ ಅವಳೊಬ್ಬಳು. ಹೋದ ತಿಂಗಳು ಅವಳಿಗೆ ಕಣ್ಣಿನ ಆಪರೇಷನ್ ಆಯಿತು. ಕಟ್ಟು ನಾಳೆ ಬಿಚ್ಚುತ್ತಾರೆಂದು ನಾನು ನಂಬಿಕೊಂಡಿದ್ದರೆ, ಒಂದು ದಿನ ಮೊದಲೇ ಬಿಚ್ಚಿದರು. ಕಣ್ಣು ಕಂಡ ಸಂತೋಷಕ್ಕೆ ಅವಳು ನನಗೆ ಒಂಬತ್ತು ಸಲ ಫೋನ್ ಮಾಡಿದ್ದಾಳೆ. ಮೇಜಿನ ಮೇಲಿದ್ದ ಫೋನು ತುಟಿ ಪಿಟಕ್ಕೆನ್ನಲಿಲ್ಲ. ಸಂಜೆ ಐದಕ್ಕೆ, ಎಂದಿನಂತೆ ಮೆಟ್ಟಿಲು ಹತ್ತಿ ಸೇತುವೆಯ ಮೇಲೆ ನಿಂತು ಅವಳಿಗೆ ಫೋನ್ ಮಾಡಿದೆ.

'ಕೆಳಗೆ ಸಿಗ್ನಲ್ ಬರಲ್ಲ ಕಣಕ್ಕಾ,' ಅಂದೆ.

ಪಕ್ಕದಲ್ಲಿದ್ದ ಅಕ್ಕನ ಮಗಳು, ಬುದ್ಧಿವಂತೆ, ನಿಮ್ಮ ನಕ್ಷೆ ತೆರೆದಳು. 'ಮಾಮ, ನಿಮ್ಮ ಅಂಗಡಿ ಹತ್ರ ಎಲ್ಲಾ ಹಸಿರೇ ಇದೆಯಲ್ಲ?'

ಅಕ್ಕ, 'ಎತ್ತೋಕೆ ಮನಸ್ಸಿಲ್ಲ ಅಂದ್ರೆ ಹಾಗಂತ ಹೇಳು. ಈ ವಯಸ್ಸಲ್ಲಿ ನನ್ನ ಹತ್ರ ಸುಳ್ಳು ಯಾಕೋ?' ಎಂದಳು.

ಅಂದಿನಿಂದ ಫೋನ್ ಮಾಡಿದರೆ ಮಗಳೇ ಎತ್ತುತ್ತಾಳೆ. 'ಅಮ್ಮ ಮಲಗಿದ್ದಾರೆ ಮಾಮ.' ಸಂಜೆ ಐದಕ್ಕೆ ಮಲಗುವ ಜೀವವಲ್ಲ ನಮ್ಮಕ್ಕನದು. ಹೊರಟು ಬರುತ್ತೇನೆ ಎಂದು ಹೇಳಿಸಿದರೆ, 'ಮೊದಲು ಫೋನ್ ಎತ್ತೋದು ಕಲೀಲಿ, ಆಮೇಲೆ ಬರಲಿ' ಅಂದಳಂತೆ. ಮಲಗಿದವಳು ಅಷ್ಟಾದರೂ ಮಾತಾಡಿದಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಈಗ ನಿಮ್ಮ ಆಪಿನ ವಿಷಯಕ್ಕೆ ಬರುತ್ತೇನೆ. 'ನಾಗರಿಕರೇ, ನಕ್ಷೆ ಸರಿಪಡಿಸಲು ನಿಮ್ಮ ಫೋನಿನ ಮಾಹಿತಿ ಕೊಡಿ' ಎಂದು ನೀವು ಕರೆ ಕೊಟ್ಟಾಗ ಮೊದಲು ಓಗೊಟ್ಟವರಲ್ಲಿ ನಾನೂ ಒಬ್ಬ. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂದು ಅಕ್ಕ ಆಗಲೇ ಛೇಡಿಸಿದ್ದಳು. ಆ ಆಪು ಮಾಡಿದ್ದೇನು ಗೊತ್ತೇ? ಕಾಂಕ್ರೀಟಿನ ಕೆಳಗೆ ಫೋನಿಗೆ ತಾನೆಲ್ಲಿದ್ದೇನೆಂಬುದೇ ತಿಳಿಯದು; ಸ್ಥಳ ಖಚಿತವಿಲ್ಲದ ಮಾಹಿತಿಯನ್ನು ನೀವು ಎಣಿಸುವುದಿಲ್ಲ. ನಾನು ಸೇತುವೆ ಹತ್ತಿದ ಕೂಡಲೇ ಅದಕ್ಕೆ ಜ್ಞಾನೋದಯವಾಗುತ್ತದೆ. ನಿಮ್ಮ ಎರಡನೆಯ ಉತ್ತರವನ್ನು ಹಾಗೆಯೇ ಕೊಡುತ್ತೇನೆ: 'ಅರ್ಜಿದಾರರ ಸ್ವಂತ ಫೋನೇ ಸದರಿ ಸ್ಥಳದಲ್ಲಿ ಪ್ರತಿದಿನ ಸಂಜೆ ಐದು ಗಂಟೆಗೆ ಉತ್ತಮ ಸಿಗ್ನಲ್ ದಾಖಲಿಸಿರುತ್ತದೆ.' ಅಕ್ಕನ ಜೊತೆ ಮಾತಾಡಲೆಂದು ಮೆಟ್ಟಿಲು ಹತ್ತಿದ ಒಂದೊಂದು ದಿನವೂ ನಾನೇ ನನ್ನ ವಿರುದ್ಧ ಸಾಕ್ಷಿ ಹೇಳಿ ಬಂದಿದ್ದೇನೆ. ಇದನ್ನು ಓದಿದ ದಿನ ಕೆಲಸ ಮಾಡಲಾಗಲಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ.

ಆಪು ತೆಗೆದುಹಾಕಬಹುದಿತ್ತಲ್ಲ ಎನ್ನುತ್ತೀರಿ. ಹೌದು, ತೆಗೆಯಬಹುದಿತ್ತು. ಆದರೆ ದಿನವೂ ಸಂಜೆ ಅದು 'ಇಂದು ನಿಮ್ಮ ಅನುಭವ ಹೇಗಿತ್ತು?' ಎಂದು ಕೇಳುತ್ತದೆ. ಈಗ ಹಾಗೆ ಕೇಳಲು ನನಗೆ ಬೇರೆ ಯಾರೂ ಇಲ್ಲ. ಯಂತ್ರವೆಂದು ಗೊತ್ತಿದ್ದೂ ಉತ್ತರ ಒತ್ತುತ್ತೇನೆ.

ಮಾನ್ಯರೇ, ನಾನು ಟವರ್ ಕೇಳುತ್ತಿಲ್ಲ. ಒಬ್ಬ ಬೈಂಡಿನವನಿಗಾಗಿ ಟವರ್ ಯಾರು ಹಾಕುತ್ತಾರೆ? ನಿಮ್ಮ ಕಚೇರಿಯಿಂದ ಒಬ್ಬರನ್ನು ಕಳಿಸಿ. ಇಪ್ಪತ್ತೆರಡು ಮೆಟ್ಟಿಲು ಇಳಿದು, ನನ್ನ ಸ್ಟೂಲಿನ ಮೇಲೆ ಕೂತು, ತಮ್ಮ ಫೋನನ್ನು ತಾವೇ ನೋಡಿಕೊಳ್ಳಲಿ, ಚಹಾ ನನ್ನದು. ಆಮೇಲೆ ಆ ಹಸಿರಿನ ನಡುವೆ, ನನ್ನ ಕೋಣೆಯಿರುವಲ್ಲಿ, ಒಂದು ಕೆಂಪು ಚುಕ್ಕೆ ಹಾಕಿ. ಇಷ್ಟೇ ನನ್ನ ಬೇಡಿಕೆ. ಹಾಕಿದ ದಿನ ನಾನು ಮೇಲೆ ಹೋಗಿ, 'ನಕ್ಷೆ ತೆರೆದು ನಿಮ್ಮಮ್ಮನಿಗೆ ತೋರಿಸು' ಎಂದು ಅಕ್ಕನ ಮಗಳಿಗೆ ಹೇಳುತ್ತೇನೆ.

ಚುಕ್ಕೆಯನ್ನು ಸ್ವಲ್ಪ ದೊಡ್ಡದಾಗಿಯೇ ಹಾಕಿ. ಅಕ್ಕನಿಗೆ ಈಗಷ್ಟೇ ಕಣ್ಣು ಬಂದಿದೆ.

ಇಂತಿ,
ಸೇತುವೆಯ ಮೇಲೆ ಸಿಗುವ, ಕೆಳಗೆ ಸಿಗದ,
ಬೈಂಡಿನವನು