ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಡಿ

ಸಾರ್ವಜನಿಕ ವಾಚನಾಲಯಗಳ ಕಂಪ್ಯೂಟರ್ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಒಂದು ಆದೇಶದಿಂದ ನಮ್ಮ ಮನೆಯ ರೇಡಿಯೋ ಬಂದ್ ಆಗಿದೆ. ರೇಡಿಯೋ ಎಂದರೆ ಪೆಟ್ಟಿಗೆಯಲ್ಲ, ನನ್ನ ನಾದಿನಿ. ಎದ್ದಾಗಿನಿಂದ ಮಲಗುವ ತನಕ ಬಾಯಿ ಮುಚ್ಚದವಳು ಅಂತ ಇಡೀ ಬೀದಿ ಸೇರಿ ಇಟ್ಟ ಹೆಸರದು. ವಾಚನಾಲಯದ ಮೂಲೆಯ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಅವಳಿಗೋಸ್ಕರ ಹಾಕಿಟ್ಟಿದ್ದ ಮೂರು ಪುಟ್ಟ ಸಲಕರಣೆಗಳನ್ನು ನೀವು ಅಳಿಸಿದಿರಿ. ಅಳಿಸಿದ್ದರಿಂದ ಆದ ಅನಾಹುತಕ್ಕೆ ಅವಳನ್ನೇ ಹೊಣೆ ಮಾಡಿ ಅವಳ ಕಾರ್ಡನ್ನೂ ತಡೆಹಿಡಿದಿರಿ. ಮುಂದಿನ ತಿಂಗಳು ಅವಳಿಗೆ ಪರೀಕ್ಷೆ. ಓದಲು ಜಾಗವಿಲ್ಲ. ದೂರು ಇಷ್ಟೇ. ಆದರೆ ಇಷ್ಟನ್ನು ಹೇಳಿದರೆ ನಿಮ್ಮ ಕಚೇರಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ ಅಂತ ಗೊತ್ತಾಗಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಹೊಲಿಗೆಯವಳು. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯ ತನಕ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾದಿನಿ ಒಂದು ಸಾರಿಗೆ ಕಂಪನಿಯಲ್ಲಿ ಫೋನಿನ ಮೇಜಿನಲ್ಲಿದ್ದಳು. ಕಣ್ಣು ಮಂಜಾಗುತ್ತಾ ಬಂತು, ಕೆಲಸ ಹೋಯಿತು. ಕನ್ನಡಕದಿಂದ ಸರಿಹೋಗುವ ಕಾಯಿಲೆ ಅಲ್ಲವಂತೆ. ಬಿಳೀ ಬೆಳಕು ಅವಳ ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ, ಸಣ್ಣ ಅಕ್ಷರ ಇರುವೆ ಸಾಲಿನ ಹಾಗೆ. ಹೀಗಿರುವಾಗ ದೊಡ್ಡ ಆಸ್ಪತ್ರೆಯಲ್ಲಿ ದೃಷ್ಟಿ ಕಡಿಮೆಯಿದ್ದವರಿಗೆಂದೇ ಟೆಲಿಫೋನ್ ಆಪರೇಟರ್ ಹುದ್ದೆಯೊಂದು ಖಾಲಿಯಿದೆ ಅಂತ ಸುದ್ದಿ ಬಂತು. ಪರೀಕ್ಷೆಗೆ ಬೇಕಾದ ಪಾಠಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಫೋನಿನ ಪರದೆ ಅವಳಿಗೆ ಕಾಣುವುದಿಲ್ಲ. ಹಾಗಾಗಿ ಕೈ ಹಿಡಿದುಕೊಂಡು ನಿಮ್ಮ ವಾಚನಾಲಯಕ್ಕೆ ಕರೆದುಕೊಂಡು ಹೋದೆ.

ಮೊದಲ ದಿನ ಪರದೆಗೆ ಮೂಗು ತಾಗಿಸಿ ಕೂತಳು. ಅಲ್ಲಿನ ಮೇಡಂ ನೋಡಿ ಹತ್ತಿರ ಬಂದರು.

"ಏನಮ್ಮಾ, ಕಂಪ್ಯೂಟರಿಗೆ ಮುತ್ತು ಕೊಡ್ತಿದೀರಾ?"

"ಇನ್ನೇನ್ಮಾಡ್ಲಿ ಮೇಡಂ, ದೂರದಿಂದ ಕರೆದ್ರೆ ಬರ್ತಾ ಇಲ್ಲ" ಅಂದಳು ನಮ್ಮ ರೇಡಿಯೋ.

ಮೇಡಂ ನಗುತ್ತಲೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಬ್ರೌಸರ್‌ಗೆ ಬೇಕಾದ್ದನ್ನು ಸೇರಿಸಿಕೊಳ್ಳಬಹುದಂತೆ, ಅದಕ್ಕೆ ಆ್ಯಡ್-ಆನ್ ಅನ್ನುತ್ತಾರಂತೆ, ದುಡ್ಡು ಕೊಡಬೇಕಿಲ್ಲವಂತೆ. ಒಂದು, ಪುಟವನ್ನು ಕಪ್ಪು ಮಾಡಿ ಅಕ್ಷರವನ್ನು ದೊಡ್ಡದಾಗಿ ಹಳದಿಯಲ್ಲಿ ತೋರಿಸಿತು. ಇನ್ನೊಂದು, ಪುಟದಲ್ಲಿದ್ದದ್ದನ್ನು ಅವಳ ಕಿವಿಯಲ್ಲಿ ಓದಿ ಹೇಳಿತು. ಮೂರನೆಯದು, ಜಾಹೀರಾತುಗಳನ್ನೆಲ್ಲ ಬಾಗಿಲಾಚೆ ನಿಲ್ಲಿಸಿತು. ಯಾವ ಸಾಲು ಎಷ್ಟು ದಪ್ಪ, ದನಿ ಎಷ್ಟು ನಿಧಾನ ಅಂತ ಕೇಳಿ ಕೇಳಿ ಹೊಂದಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಆ ಸಂಜೆ ಮನೆಗೆ ಬರುವ ದಾರಿಯುದ್ದಕ್ಕೂ ನಾದಿನಿಯ ಬಾಯಿಗೆ ಬಿಡುವಿಲ್ಲ. "ಅತ್ತಿಗೆ, ಅದರೊಳಗಿನ ಹೆಂಗಸು ನನಗಿಂತ ಜಾಸ್ತಿ ಮಾತಾಡ್ತಾಳೆ! ನನಗೇ ಸವತಿ ಬಂದ ಹಾಗಾಯ್ತು." ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ, ಆಮೇಲೆ ಆ ಮೇಡಂಗೆ.

ಜಾಹೀರಾತು ತಡೆಯುವುದು ಏನು ಮಹಾ ಅಂತ ನೀವು ಕೇಳಬಹುದು. ನನ್ನದೇ ಅನುಭವ ಹೇಳುತ್ತೇನೆ. ಅವಳು ಓದುವಾಗ ನಾನು ಪಕ್ಕದ ಕಂಪ್ಯೂಟರಿನಲ್ಲಿ ಪ್ರಾರ್ಥನೆಯ ಪುಟ ತೆರೆದು ಕೂರುತ್ತಿದ್ದೆ. ಅದರಲ್ಲಿ ಈ ತಡೆ ಇರಲಿಲ್ಲ. ದೇವರ ಸ್ತುತಿಯ ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಹೊಟ್ಟೆ ಕರಗಿಸುವ ಬೆಲ್ಟು ಕಟ್ಟಿಕೊಂಡ ಒಬ್ಬಾಕೆ ಬಂದು ಕುಣಿಯುತ್ತಾಳೆ. "ನನ್ನ ಪಾಪಗಳನ್ನು ಕರಗಿಸು ತಂದೆ" ಅಂತ ಓದಿ ಮುಗಿಸುವುದರೊಳಗೆ "ಏಳೇ ದಿನದಲ್ಲಿ!" ಅಂತ ಕೆಂಪಕ್ಷರ. ಭಕ್ತಿ ಎಲ್ಲಿ ನಿಲ್ಲುತ್ತದೆ, ಸ್ವಾಮಿ?

ಈಗ ನಿಮ್ಮ ಆದೇಶಕ್ಕೆ ಬರುತ್ತೇನೆ. ಯಾವುದೋ ಬೇರೆ ವಾಚನಾಲಯದಲ್ಲಿ ಯಾರೋ ಕೆಟ್ಟದ್ದೊಂದು ಆ್ಯಡ್-ಆನ್ ಹಾಕಿಕೊಂಡರಂತೆ, ಅದು ಗುಟ್ಟಿನ ಸಂಖ್ಯೆಗಳನ್ನು ಕದ್ದಿತಂತೆ. ಅದಕ್ಕೆ ನೀವು ಎಲ್ಲಾ ವಾಚನಾಲಯಗಳ ಎಲ್ಲಾ ಕಂಪ್ಯೂಟರುಗಳಲ್ಲಿದ್ದದ್ದನ್ನು ಒರೆಸಿ, ಇನ್ನು ಮುಂದೆ ಏನನ್ನೂ ಸೇರಿಸದ ಹಾಗೆ ಬೀಗ ಹಾಕಿಸಿದಿರಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ, ಮಾನ್ಯರೇ. ಒಬ್ಬನಿಗೆ ನೆಗಡಿ ಬಂದರೆ ಊರಿನವರದ್ದೆಲ್ಲ ಕೊಯ್ಯುವುದನ್ನು ಈಗಲೇ ಕಂಡಿದ್ದು. ಮೇಡಂ ಮಧ್ಯಾಹ್ನವೆಲ್ಲ ಕೂತು ಹೊಂದಿಸಿದ್ದು ಒಂದು ಗಳಿಗೆಯಲ್ಲಿ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮರುದಿನ ನನಗೆ ಅಂಗಡಿಯಲ್ಲಿ ಕೆಲಸವಿತ್ತು, ನಾದಿನಿ ಒಬ್ಬಳೇ ಹೋಗಿ ಎಂದಿನಂತೆ ಕೂತಳು. ಪುಟ ಬೆಳ್ಳಗೆ ಉರಿಯುತ್ತಿತ್ತು. ಓದಿ ಹೇಳುವ ದನಿಯಿಲ್ಲ. ಪಾಠ ಶುರು ಮಾಡುವ ಗುಂಡಿ ಎಲ್ಲಿ ಅಂತ ತಡಕಾಡಿದಳು. ಪುಟದ ನಡುವೆ ಅಂಗೈಯಗಲದ ಹಸಿರು ಗುಂಡಿ, "ಇಲ್ಲಿ ಪ್ರಾರಂಭಿಸಿ" ಅಂತ. ಅವಳಿಗೆ ಕಾಣುವುದು ದೊಡ್ಡದು ಮಾತ್ರ, ಆ ಪುಟದಲ್ಲಿ ದೊಡ್ಡದಾಗಿದ್ದದ್ದು ಸುಳ್ಳು ಮಾತ್ರ. ಅದು ಜಾಹೀರಾತು. ಒತ್ತಿದಳು. ಕಂಪ್ಯೂಟರ್ ಆಂಬುಲೆನ್ಸಿನ ಹಾಗೆ ಕೂಗಿಕೊಂಡಿತು. ಅಪಾಯ, ವೈರಸ್ ಅಂತ ಪರದೆ ತುಂಬಾ ಕೆಂಪು. ಪತ್ರಿಕೆ ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಾವಲಿನವನು ಓಡಿ ಬಂದು ತಂತಿ ಕಿತ್ತ. "ಕಣ್ಣು ಕಾಣದವರು ಇಲ್ಲಿಗ್ಯಾಕೆ ಬರ್ತೀರಾ?" ಅಂದನಂತೆ, ಇದನ್ನೆಲ್ಲ ಆಮೇಲೆ ಮೇಡಂ ನನಗೆ ಹೇಳಿದ್ದು. ಅವನ ತಪ್ಪೂ ಅಲ್ಲ, ಅವನಿಗೂ ಗಾಬರಿ. ಆದರೆ ಆ ಮಾತು ಕೇಳಿ ಮನೆಗೆ ಬಂದವಳು ಬಾಯಿ ಬಿಡಲಿಲ್ಲ.

ವಾರ ಕಳೆಯುವುದರೊಳಗೆ ನಿಮ್ಮ ಕಚೇರಿಯಿಂದ ತಿಳುವಳಿಕೆ ಪತ್ರ ಬಂತು. ಸುರಕ್ಷತಾ ನಿಯಮ ಉಲ್ಲಂಘಿಸಿದ್ದಕ್ಕಾಗಿ ಕಾರ್ಡು ತಡೆಹಿಡಿಯಲಾಗಿದೆ. ಉಲ್ಲಂಘಿಸಿದ್ದು ಯಾರು? ಆ ಹಸಿರು ಗುಂಡಿ ಅವಳ ಕಣ್ಣಿಗೆ ಬೀಳದ ಹಾಗೆ ಕಾಯುತ್ತಿದ್ದ ಕಾವಲನ್ನು ತೆಗೆದವರು ಯಾರು? ಬೇಲಿ ಕಿತ್ತವರೇ ಹಸು ನುಗ್ಗಿತು ಅಂತ ದಂಡ ಹಾಕುವುದು ಯಾವ ನ್ಯಾಯ?

ಕೆಲಸ ಬಿಟ್ಟು ನಿಮ್ಮ ಕಚೇರಿಗೆ ಬಂದೆ. ನಿಮ್ಮ ದರ್ಶನ ಆಗಲಿಲ್ಲ. ದೇವರು ಸಹ ಇಷ್ಟು ಕಾಯಿಸುವುದಿಲ್ಲ. ಕಿಟಕಿಯ ಗುಮಾಸ್ತರು ಸಿಕ್ಕಿದರು.

"ಅಮ್ಮಾ, ಅದು ಪಾಲಿಸಿ. ಎಲ್ಲರಿಗೂ ಒಂದೇ."

"ಎಲ್ಲರ ಕಣ್ಣೂ ಒಂದೇನಾ ಸಾರ್?"

"ಬ್ರೌಸರ್‌ನಲ್ಲೇ ಅಕ್ಷರ ದೊಡ್ಡದು ಮಾಡ್ಕೋಬಹುದಲ್ಲ. ಅದಕ್ಕೆ ಯಾವ ಆ್ಯಡ್-ಆನೂ ಬೇಡ."

"ಅಕ್ಷರ ದೊಡ್ಡದಾದ್ರೆ ಜಾಹೀರಾತೂ ದೊಡ್ಡದಾಗುತ್ತೆ ಸಾರ್. ನಮ್ಮ ಹುಡುಗಿ ಒತ್ತಿದ್ದೇ ಅದನ್ನ."

ಅವರು ಪಾಪ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ನಾನು ಏನ್ ಮಾಡ್ಲಿ ಹೇಳಿ. ಮೇಲಿನವರ ಆದೇಶ." ಮೇಲಿನವರು ನೀವು. ಅದಕ್ಕೇ ಈ ಬಹಿರಂಗ ಪತ್ರ, ಎಲ್ಲರ ಮುಂದೆ.

ಎಲ್ಲರಿಗೂ ಒಂದೇ ಅನ್ನುವ ಮಾತು ನನಗೆ ಹೊಸದಲ್ಲ. ರೆಡಿಮೇಡ್ ಬಟ್ಟೆಯ ಮೇಲೂ ಹಾಗೇ ಬರೆದಿರುತ್ತದೆ. ಆ ಬರಹದಿಂದಲೇ ನನ್ನ ಹೊಟ್ಟೆ ತುಂಬುತ್ತಿದೆ, ಯಾಕೆಂದರೆ ಕೊಂಡವರಲ್ಲಿ ಅರ್ಧ ಜನ ನೇರ ನನ್ನ ಅಂಗಡಿಗೆ ಬರುತ್ತಾರೆ. ಒಬ್ಬರಿಗೆ ತೋಳು ಉದ್ದ, ಇನ್ನೊಬ್ಬರಿಗೆ ಸೊಂಟ ಬಿಗಿ. ಬ್ರೌಸರ್ ಅನ್ನುವುದೂ ರೆಡಿಮೇಡ್ ಅಂಗಿಯೇ. ಅದನ್ನು ಮೈಗೆ ಹೊಂದಿಸಿಕೊಳ್ಳುವುದು ಅಪರಾಧವಾದರೆ ಮೊದಲು ನನ್ನನ್ನು ಹಿಡಿದುಕೊಂಡು ಹೋಗಿ.

ನಿಮ್ಮ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಪುಕ್ಕಟೆ ಸಿಗುವುದೆಲ್ಲ ಒಳ್ಳೆಯದಲ್ಲ ಅನ್ನುವಷ್ಟು ಬುದ್ಧಿ ಹಳ್ಳಿಯ ಶಾಲೆಯಲ್ಲೂ ಕಲಿಸುತ್ತಾರೆ. ಕೆಲವು ಆ್ಯಡ್-ಆನ್‌ಗಳು ಸಹಾಯದ ವೇಷ ಹಾಕಿಕೊಂಡು ಮನೆಯೊಳಗಿನ ಮಾತನ್ನೆಲ್ಲ ಕದ್ದು ಕೇಳುತ್ತವಂತೆ, ಮೇಡಂ ಅವರೇ ಹೇಳಿದರು. ಹಾಗಿದ್ದರೆ ನೋಡಿ, ಪರೀಕ್ಷಿಸಿ, ಒಳ್ಳೆಯದನ್ನು ಮಾತ್ರ ಆರಿಸಿ ಇಡಿ. ಅದಕ್ಕೇ ಅಲ್ಲವೇ ನಿಮ್ಮಂಥ ತಿಳಿದವರನ್ನು ಆ ಕುರ್ಚಿಯಲ್ಲಿ ಕೂರಿಸಿರುವುದು? ಬೀಗ ಹಾಕುವುದಕ್ಕೆ ಮಾತ್ರ ಆದರೆ ಕಾವಲಿನವನೇ ಸಾಕಿತ್ತು.

ಮೊನ್ನೆ ನಾದಿನಿ ನನ್ನ ಪಕ್ಕ ಕೂತು ಹಳೆಯ ಸಮವಸ್ತ್ರವೊಂದರ ಹೊಲಿಗೆ ಬಿಚ್ಚುತ್ತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ. ನಾನು ಯಾವ ಬಟ್ಟೆ ಹೊಲಿದರೂ ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಡುತ್ತೇನೆ. ಬಿಡು ಅಂತ ಯಾರೂ ಕೇಳುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಆದರೆ ಮೈ ಇದ್ದ ಹಾಗೇ ಇರುವುದಿಲ್ಲವಲ್ಲ, ಒಂದು ದಿನ ಬಿಚ್ಚಿ ಸಡಿಲ ಮಾಡಬೇಕಾಗುತ್ತದೆ. ಅವಳ ಬೆರಳಿಗೆ ಆ ಬಟ್ಟೆ ಸಿಕ್ಕಿತು. ಅಷ್ಟು ದಿನಗಳ ಮೇಲೆ ಬಾಯಿ ಬಿಟ್ಟಳು.

"ಅತ್ತಿಗೆ, ನೀವು ಇಲ್ಲಿ ಬಿಟ್ಟಿದ್ದೀರಿ."

"ಹೂಂ. ಯಾವಾಗಲೂ ಬಿಡ್ತೀನಿ."

"ಅವರೂ ಸ್ವಲ್ಪ ಬಿಡಬಹುದಿತ್ತಲ್ವಾ?"

ಇದಕ್ಕೆ ಉತ್ತರ ಇರಬೇಕಾದದ್ದು ನಿಮ್ಮ ಹತ್ತಿರ.

ಹಾಗಾಗಿ ಕೇಳುತ್ತಿದ್ದೇನೆ. ಅವಳ ಕಾರ್ಡನ್ನು ವಾಪಸು ಕೊಡಿ, ಅದರ ಮೇಲಿನ ಉಲ್ಲಂಘನೆಯ ಕಳಂಕ ಅಳಿಸಿ. ಒರೆಸುವುದು ನಿಮಗೆ ಚೆನ್ನಾಗಿ ಬರುತ್ತದೆ. ಪ್ರತಿ ವಾಚನಾಲಯದಲ್ಲಿ ಒಂದು ಕಂಪ್ಯೂಟರನ್ನಾದರೂ, ಬೇಕಾದವರು ಬೇಕಾದ ಹಾಗೆ ಹೊಂದಿಸಿಕೊಳ್ಳಲು ಬೀಗ ತೆಗೆದು ಬಿಡಿ. ಇದನ್ನು ಪರೀಕ್ಷೆಗೆ ಮುಂಚೆ ಮಾಡಿ, ಆಮೇಲೆ ಮಾಡಿದರೆ ಅದು ಬರೀ ಆದೇಶ. ನಮ್ಮ ರೇಡಿಯೋ ಆಸ್ಪತ್ರೆಯ ಫೋನಿನಲ್ಲಿ ಮಾತಾಡಲು ಹುಟ್ಟಿದವಳು. ಒಂದಲ್ಲ ಒಂದು ದಿನ ನೀವೂ ಅಲ್ಲಿಗೆ ಫೋನು ಮಾಡುವ ಹೊತ್ತು ಬರುತ್ತದೆ, ಎಲ್ಲರಿಗೂ ಬರುತ್ತದೆ. ಆಗ ಆ ಕಡೆಯಿಂದ ಯಾರಾದರೂ ತಾಳ್ಮೆಯಿಂದ "ಹೇಳಿ" ಅನ್ನಲಿ ಅಂತ ನಿಮಗೂ ಅನಿಸುತ್ತದೆ.

ಇಂತಿ,
ನಿಮ್ಮ ಅಳತೆಯಲ್ಲಿ ಎಲ್ಲೂ ಹಿಡಿಸದ,
ಮಾತು ನಿಂತ ಮನೆಯಲ್ಲಿ ಮೆಷಿನ್ ತುಳಿಯುತ್ತಾ ಕೂತಿರುವ,
ರೇಡಿಯೋಳ ಅತ್ತಿಗೆ