ಚಂದ್ರಮತಿಯ ನಾಲ್ಕು ಕೋರ್

ನವೆಂಬರ್ 6, ಗುರುವಾರ

ಚಹಾ ಆಯಿತು. ಸರ್ವರಿನ ಫ್ಯಾನಿಗೆ ಬ್ರಶ್ ಹಾಕಿದೆ. ದುಬೈಯ ಈ ಸಿಲಿಕಾನ್ ಓಯಸಿಸ್ಸಿನ ಮರಳು ಹದಿನಾಲ್ಕನೇ ಮಾಳಿಗೆಗೂ ಬರುತ್ತದೆ, ವೀಸಾ ಇಲ್ಲದೆ. ಡಬ್ಬಿ ಒಂದೇ, ಒಳಗೆ ಮೂರು ವರ್ಚುವಲ್ ಮೆಶಿನ್ — ಬರ್ ದುಬೈಯ ಒಂದು ಫ್ಲಾಟಿಗೆ ಪಾರ್ಟಿಶನ್ ಹಾಕಿ ಮೂರು ಸಂಸಾರ ಇದ್ದ ಹಾಗೆ. ದುಡಿಯುವ ಕೋರ್ ಒಟ್ಟು ಎಂಟು. ಹೆಂಡತಿ ಚಂದ್ರಮತಿಯ ಮೆಶಿನ್ನಿಗೆ ನಾಲ್ಕು. ಮಗ ಸುಮಿತನ ಫೋಟೋಗಳಿಗೆ ಎರಡು. ಮೊಮ್ಮಗಳು ಭವ್ಯಶ್ರೀಯ ಗೇಮಿಗೆ ಎರಡು. ಕಾಲೇಜಿನ ಎಕನಾಮಿಕ್ಸ್ ಮೇಷ್ಟ್ರು ಬರೆಸಿದ್ದರು — ವಾಂಟ್ಸ್ ಆರ್ ಅನ್‌ಲಿಮಿಟೆಡ್, ಮೀನ್ಸ್ ಆರ್... ಏನೋ. ಹಾಂ, ಸ್ಕೇರ್ಸ್.

ಮುಂದಿನ ಶನಿವಾರ ಭವ್ಯಳಿಗೆ ಹತ್ತು ತುಂಬುತ್ತದೆ. ಪಾರ್ಟಿ ಹಾಲಿನಲ್ಲಿ ಬೇಡ, ಗೇಮಿನೊಳಗೇ ಬೇಕಂತೆ. ಕಾರಣ ಇದೆ. ಅವಳ ಗೆಳತಿಯರೆಲ್ಲ ಅಪ್ಪಂದಿರ ಕೆಲಸ ಮುಗಿದ ಹಾಗೆ ಮನಿಲಾ, ಕೊಚ್ಚಿ, ಕೈರೋ ಎಂದು ಚದುರಿದ್ದಾರೆ. ಈಗ ಒಟ್ಟು ಸೇರುವುದು ಈ ಡಬ್ಬಿಯೊಳಗೆ ಅವರೇ ಕಟ್ಟಿದ ಊರಿನಲ್ಲಿ ಮಾತ್ರ. ಬರುವವರು ಹನ್ನೊಂದು. ಐದು ಮಕ್ಕಳು ಬಂದರೇ ಊರು ನಿಂತುಬಿಡುತ್ತದೆ.

ನವೆಂಬರ್ 9

ಉಳಿದವರದು ಮುಟ್ಟದೆ, ಧಾರಾಳವಾಗಿ ಗೇಮಿಗೆ ಎಂಟು ಕೋರ್ ಎಂದು ಸೆಟ್ಟಿಂಗಿನಲ್ಲಿ ಬರೆದುಬಿಟ್ಟೆ. ಇನ್ನೂ ನಿಧಾನ. ಕಜೆತಾನನಿಗೆ ಫೋನ್ ಮಾಡಿದೆ. ಒಂದೇ ಆಫೀಸಿನಲ್ಲಿ ಕಂಪ್ಯೂಟರ್ ಸೆಕ್ಷನ್ ನೋಡಿಕೊಂಡವರು ನಾವು. ಅವನು ಈಗಲೂ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲೇ. ನಕ್ಕ. ಎರಡು ಹಾರೆ ಇಟ್ಟುಕೊಂಡು ಎಂಟು ಆಳು ಕರೆದರೆ ಆರು ಮಂದಿ ಕಾಯುವುದೇ ಕೆಲಸ ಎಂದ. ಆಮೇಲೆ, ಯಾರೂ ಮುಟ್ಟದಂತೆ ರಿಸರ್ವ್ ಇಟ್ಟ ಆ ನಾಲ್ಕು ಯಾರದು ಎಂದು ಕೇಳಿದ.

ಸಿಗ್ನಲ್ ಸರಿ ಇಲ್ಲ ಎಂದೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ನವೆಂಬರ್ 11

ಅನ್ನ ಬೇಯುವಷ್ಟು ಹೊತ್ತು ಚಂದ್ರಮತಿ ಒಬ್ಬಳೇ ಇಸ್ಪೀಟ್ ಆಡುತ್ತಿದ್ದದ್ದು ಆ ಮೆಶಿನ್ನಿನಲ್ಲಿ. ಆಸ್ಪತ್ರೆಗೆ ಹೊರಟ ದಿನದ ಅರ್ಧ ಆಟ ಇನ್ನೂ ತೆರೆದೇ ಇದೆ. ಎರಡು ವರ್ಷದಿಂದ ಬಂದ್ ಮಾಡಿಲ್ಲ. ಕೋರ್ ತೆಗೆಯಬೇಕಾದರೆ ಬಂದ್ ಮಾಡಲೇಬೇಕು. ಮಾಡಿದರೆ ಆಟ ಹೋಯಿತು. ಹಳೇ ಆಟ, ಸೇವ್ ಇಲ್ಲ. ನಾಲ್ಕು ಯಾಕೆ? ಎಲ್ಲರದೂ ಆದ ಮೇಲೆ ಪಾತ್ರೆಯ ತಳ ಕೆರೆದು ಉಂಡವಳು. ಇಲ್ಲಿಯಾದರೂ ಮೊದಲ ಪಾಲು ಅವಳಿಗಿರಲಿ ಎಂದು.

ಭವ್ಯ ಬಾಗಿಲಲ್ಲಿ ನಿಂತು ನೋಡಿದಳು.

"ಇಟ್ಸ್ ಓಕೆ ಅಜ್ಜ. ನಾವು ಟರ್ನ್ ಟರ್ನ್ ಬರ್ತೇವೆ. ಅಜ್ಜಿದು ಮುಟ್ಬೇಡಿ."

ಬೇಕೇ ಬೇಕು ಎಂದು ಕೇಳಿದ್ದರೆ ಸುಲಭ ಇತ್ತು...

ನವೆಂಬರ್ 14, ಶುಕ್ರವಾರ

ಕಜೆತಾನ್ ಬಸ್ ಹತ್ತಿ ಬಂದೇಬಿಟ್ಟ, ಬಂಗುಡೆ ಉಪ್ಪಿನಕಾಯಿ ಸಮೇತ. ಸ್ಕ್ರೀನ್ ನೋಡಿದ. ಪ್ರತಿ ದೀಪಾವಳಿಗೆ ನಮ್ಮಲ್ಲೇ ಉಂಡವನು.

"ಮಾರಾಯ, ನಿಮ್ಮಲ್ಲಿ ಹೋದವರಿಗೆ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ತೀರಲ್ಲ. ಆಮೇಲೆ ಅದನ್ನು ಉಣ್ಣುವುದು ಯಾರು?"

ಮನೆಯವರು ಎಂದೆ.

"ಮತ್ತೆ ನೀನು ಎರಡು ವರ್ಷ ಆಯ್ತು, ಬಾಗಿಲೇ ತೆಗೀಲಿಲ್ಲ."

ಭವ್ಯಳನ್ನು ಕರೆದೆ. ಮೂರು ಕುರ್ಚಿ. ಆಟ ಮುಗಿಸಿಯೇ ಬಂದ್ ಮಾಡುವುದೆಂದು ತೀರ್ಮಾನ. ಕೆಂಪು ಒಂಬತ್ತು ಕಪ್ಪು ಹತ್ತರ ಮೇಲೆ ಹೋಗುವುದು ಎದುರಿಗೇ ಇತ್ತು. ಅಜ್ಜಿ ನೋಡೇ ಇಲ್ಲ ಎಂದಳು ಭವ್ಯ. ನೋಡಿದ್ದಾಳೆ, ಅಷ್ಟರಲ್ಲಿ ಕುಕ್ಕರ್ ಕೂಗಿರಬೇಕು ಎಂದ ಕಜೆತಾನ್. ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು, ಇರಲಿ.

ಗೆದ್ದೆವು! ಎಲೆಗಳೆಲ್ಲ ಸ್ಕ್ರೀನಿನ ತುಂಬ ಪುಟಿದು ಪುಟಿದು ಬಿದ್ದವು. ಗಲಾಟೆ ಕೇಳಿ ಸೊಸೆ ಅಶ್ಮಿತಾ ಸೌಟು ಹಿಡಿದೇ ಓಡಿಬಂದಳು. ಬಂದ್ ಮಾಡುವ ಬಟನ್ ಭವ್ಯಳೇ ಒತ್ತಿದಳು. ಖಲಾಸ್.

ಈಗ ಚಂದ್ರಮತಿಗೆ ಒಂದು, ಗೇಮಿಗೆ ಐದು. ಸುಮಿತನದು ಎರಡೇ. ಅವನು ಪ್ರೊಟೆಸ್ಟ್ ಮಾಡಿದ. ವಿತ್ ಡ್ಯೂ ರೆಸ್ಪೆಕ್ಟ್ ರಿಜೆಕ್ಟೆಡ್.

ನವೆಂಬರ್ 15, ಸಂಜೆ

ಹನ್ನೊಂದೂ ಬಂದವು. ಊರು ನಿಲ್ಲಲಿಲ್ಲ. ಕೈರೋದ ಹುಡುಗಿ ಬಂದವಳೇ ಕೆರೆಗೆ ಹಾರಿದಳು, ಉಳಿದವರೆಲ್ಲ ಹಿಂದೆಯೇ. ಹಾಲಿನಿಂದ ಭವ್ಯಳ ಕಿರುಚಾಟ ಇಲ್ಲಿಗೆ ಕೇಳುತ್ತಿದೆ.

ಚಂದ್ರಮತಿಯ ಮೆಶಿನ್ ಹಾಕಿ ನೋಡಿದೆ. ಒಂದೇ ಕೋರಿನಲ್ಲಿ ಮೊದಲಿನಷ್ಟೇ ಚುರುಕು. ಮೂರು ಸುಮ್ಮನೆ ಕುಳಿತಿದ್ದವು ಇಷ್ಟು ದಿನ! ಅವಳಿಗೆ ಗೊತ್ತಿದ್ದರೆ ಬೈಯುತ್ತಿದ್ದಳು. ಹೊಸ ಆಟ ಹಂಚಿದೆ. ಮೊದಲ ಎಲೆಯೇ ಎಕ್ಕ. ಅದನ್ನು ಮೇಲಿಟ್ಟರೆ —

ಭವ್ಯ ಕರೆಯುತ್ತಿದ್ದಾಳೆ. ಕೆರೆಯ ಪಕ್ಕ ನನಗೂ ಒಂದು ಮನೆ ಕಟ್ಟಿದ್ದಾರಂತೆ, ಕುರ್ಚಿ ಎರಡು ಹಾಕಿ. ಒಳಗೆ ಹೋಗುವುದು ಹೇಗೆಂದೇ ಗೊತ್ತಿಲ್ಲ. ಯಲ್ಲಾ, ಹೊರಟೆ. ಬಾಗಿಲು ಯಾವ ಕಡೆ ಇಟ್ಟಿದ್ದಾರೆ ನೋಡಿ ಬರುತ್ತೇನೆ.